ಸಂಗಾತಿ ಭತ್ಯೆ

ನನ್ನ ಹೆಂಡತಿಯ ಸಂಶೋಧನೆಯ ವಿಷಯ ಸುಮ್ಮನೆ ಕೂರುವುದು. ತಮಾಷೆಗೆ ಹೇಳುತ್ತಿಲ್ಲ. ಹಳೆಯ ಇಂಗ್ಲಿಷ್ ಕಾದಂಬರಿಗಳಲ್ಲಿ ಹೆಂಗಸರು ಆಗಾಗ ಕಿಟಕಿಯ ಬಳಿ ಬಂದು ಕೂರುತ್ತಾರಂತೆ. ಕೈಯಲ್ಲಿ ಹೊಲಿಗೆ ಇಲ್ಲ, ಪುಸ್ತಕ ಇಲ್ಲ, ಯಾರ ದಾರಿಯನ್ನೂ ಕಾಯುತ್ತಿಲ್ಲ. ಹೊರಗೆ ನೋಡುತ್ತಾ ಒಂದೆರಡು ಪುಟ ಹಾಗೇ ಇದ್ದುಬಿಡುತ್ತಾರೆ. ಆ ಹೊತ್ತಿನಲ್ಲಿ ಅವರು ನಿಜಕ್ಕೂ ಏನು ಮಾಡುತ್ತಿರುತ್ತಾರೆ ಎಂಬುದನ್ನು ಕಂಡುಹಿಡಿದು ಡಾಕ್ಟರ್ ಆಗಬೇಕೆಂಬುದು ನನ್ನವಳ ಸಂಕಲ್ಪ. ಅವಳ ಇಂಗ್ಲಿಷ್ ವಿಭಾಗದಲ್ಲಿ ಈ ವಿಷಯಕ್ಕೆ ಬಹಳ ಉದ್ದದ ಹೆಸರಿದೆ. ಪೂರ್ತಿ ಹೇಳಬೇಕೆಂದರೆ ನನಗೆ ನಡುವೆ ಒಮ್ಮೆ ನೀರು ಕುಡಿಯಬೇಕಾಗುತ್ತದೆ.

ಈ ಕಥೆ ಶುರುವಾದಾಗ ನನ್ನ ದೂರು ಇಷ್ಟೇ. ಎರಡು ವರ್ಷದಿಂದ ಈ ವಿಷಯದ ಬೆನ್ನು ಬಿದ್ದಿರುವ ಈ ಮಹಾತಾಯಿ ಒಂದು ದಿನವಾದರೂ ಸುಮ್ಮನೆ ಕೂತದ್ದನ್ನು ನಾನು ಕಂಡಿಲ್ಲ. ಒಲೆಯ ಮೇಲಿನದ್ದನ್ನು ಎಡಗೈಯಲ್ಲಿ ಕದಡುತ್ತಾ ಬಲಗೈಯಲ್ಲಿ ಪುಟ ತಿರುಗಿಸುತ್ತಾಳೆ. ಬಸ್ಸಿನಲ್ಲಿ ಸೀಟು ಸಿಕ್ಕರೂ ನಿಂತೇ ಓದುತ್ತಾಳೆ, ಕೂತರೆ ನಿದ್ದೆ ಬರುತ್ತದಂತೆ. ಇತ್ತ ನಾನು! ಬುದ್ಧಿ ಬಂದಾಗಿನಿಂದ ಕಿಟಕಿಯ ಬಳಿ ಕೂತು, ಈ ಕ್ಷೇತ್ರದಲ್ಲಿ ನಿರಂತರ ಪರಿಶ್ರಮ ಮಾಡುತ್ತಾ ಬಂದವನು. ನನಗೆ ಯಾವ ವಿಶ್ವವಿದ್ಯಾಲಯವೂ ಒಂದು ಚೂರು ಕಾಗದ ಕೊಟ್ಟಿಲ್ಲ. (ಪ್ರಶಸ್ತಿಗಳನ್ನು ಕೊಡುವವರು ನಮ್ಮತ್ತೆ. ಅವರು ನಮ್ಮ ಜೊತೆಯಲ್ಲೇ ಇರುವುದರಿಂದ ಪ್ರದಾನ ಸಮಾರಂಭ ದಿನಾ ನಡೆಯುತ್ತದೆ.)

ನಾನಾಗ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವನು. ಬಂದವರನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಎದುರು ಗೋಡೆಯ ಅಕ್ಷರಗಳನ್ನು ಓದಿಸಿ, ಗಾಜನ್ನು ಚೌಕಟ್ಟಿನ ಅಳತೆಗೆ ಉಜ್ಜಿ ಕೂರಿಸುವುದು ನನ್ನ ಉದ್ಯೋಗ. ಲೋಕಕ್ಕೆಲ್ಲ ಸ್ಪಷ್ಟವಾಗಿ ಕಾಣುವ ಹಾಗೆ ಮಾಡುವವನು ನಾನು. ನನಗೆ ಮಾತ್ರ ಲೋಕ ಸ್ವಲ್ಪ ಮಂಜುಮಂಜಾಗಿದ್ದರೇ ಇಷ್ಟ. ಎದುರಿನವರು ನಾಲ್ಕನೇ ಸಾಲು ಓದುವಷ್ಟರಲ್ಲಿ ನಾನು ಎಲ್ಲೋ ಮೋಡದ ಮೇಲೆ ಇರುತ್ತೇನೆ. ಅವರು ಓದಿದ್ದು ಸರಿಯೋ ತಪ್ಪೋ ಎಂದು ಕೇಳಿದರೆ, ಚೆನ್ನಾಗಿತ್ತು ಅನ್ನುತ್ತೇನೆ. ಇದರಿಂದ ಅಂಗಡಿಯ ಯಜಮಾನರಿಗೂ ನನಗೂ ಅಷ್ಟಕ್ಕಷ್ಟೆ. ಸಂಬಳವೂ ಅಷ್ಟಕ್ಕಷ್ಟೆ.

ಹೀಗಿರುವಾಗ ಒಂದು ಸಂಜೆ ಮನೆಗೆ ಬಂದರೆ, ಹೆಂಡತಿ ಲೈಬ್ರರಿಯ ಪುಸ್ತಕಗಳನ್ನೆಲ್ಲ ನೆಲದ ಮೇಲೆ ಪೇರಿಸಿಕೊಂಡು ಒಂದೊಂದನ್ನೇ ಬಟ್ಟೆಯಿಂದ ಒರೆಸುತ್ತಿದ್ದಳು. ಏನಾಯಿತು ಎಂದೆ. ಹಿಂತಿರುಗಿಸಬೇಕು, ಧೂಳು ಇದ್ದರೆ ಚೆನ್ನಾಗಿರಲ್ಲ ಎಂದಳು. ಅಷ್ಟು ಹೇಳಿ ಮತ್ತೆ ಒರೆಸತೊಡಗಿದಳು. ಉಳಿದದ್ದನ್ನು ಅತ್ತೆ ಹೇಳಿದರು. ಮೊದಲ ಎರಡು ವರ್ಷ ವಿಶ್ವವಿದ್ಯಾಲಯದವರು ಫೀಸು ಬಿಟ್ಟಿದ್ದರು, ಮೂರನೆಯ ವರ್ಷಕ್ಕೆ ಅದಿಲ್ಲ. ಈ ಅವಧಿ ಮುಗಿಯುವುದರೊಳಗೆ ಎಲ್ಲಿಂದಾದರೂ ಫೆಲೋಶಿಪ್ ಹುಡುಕಿಕೊಳ್ಳಬೇಕು, ಇಲ್ಲವಾದರೆ ಹೆಸರು ತೆಗೆದುಹಾಕುತ್ತಾರೆ ಎಂದು ಅವಳ ಗೈಡ್ ಮೇಡಂ ಕರೆದು ಹೇಳಿದ್ದರಂತೆ. ಪಾಪ, ಆ ಮೇಡಂಗೂ ಕಣ್ಣು ಒದ್ದೆಯಾಗಿತ್ತಂತೆ.

ಅವಳು ಅತ್ತಿದ್ದರೆ ನಾನು ಸಮಾಧಾನ ಮಾಡುತ್ತಿದ್ದೆ. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ, ಅದರ ಅಭ್ಯಾಸ ಇದೆ. ಆದರೆ ಅವಳು ಪುಸ್ತಕದ ಮೂಲೆಗಳನ್ನು ಬೆರಳಿನಿಂದ ನೀವಿ ನೇರ ಮಾಡುತ್ತಿದ್ದಳು. ಈ ಪುಸ್ತಕಗಳನ್ನು ಒರೆಸುವುದು ನಿಲ್ಲಿಸು, ಫೆಲೋಶಿಪ್ ಹುಡುಕುವ ಕೆಲಸ ನನಗೆ ಬಿಡು ಎಂದುಬಿಟ್ಟೆ. ಅತ್ತೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಅಳಿಯಂದಿರೇ, ನಿಮ್ಮ ಕಾಲಲ್ಲಿರೋ ಚಪ್ಪಲಿನೇ ಬೆಳಗ್ಗೆ ನಾನು ಹುಡುಕಿಕೊಡ್ತೀನಿ" ಎಂದರು.

ಆದರೂ ಹುಡುಕಿದೆ. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ (ಇದ್ದಾಗಲೂ) ಫೋನು ಹಿಡಿದು ಕೂತೆ. ಇಂಗ್ಲಿಷ್ ಸಾಹಿತ್ಯ ಓದುವವರಿಗೆ ಸಹಾಯ ಮಾಡಲು ಲೋಕದಲ್ಲಿ ಎಷ್ಟೊಂದು ಜನ ತುದಿಗಾಲಲ್ಲಿ ನಿಂತಿದ್ದಾರೆ ಎಂದು ನೋಡಿ ಬೆರಗಾದೆ. ಸಮ್ಮೇಳನಕ್ಕೆ ಹೋಗಿಬರಲು ಗ್ರಾಂಟ್, ದೂರದ ಲೈಬ್ರರಿಯಲ್ಲಿ ಹಳೇ ಕಾಗದ ಮೂಸಲು ಗ್ರಾಂಟ್, ಬರೆಯಲು ಶುರು ಮಾಡಿದವರಿಗೆ ಒಂದು, ಬರೆದು ಮುಗಿಸಲಾರದವರಿಗೆ ಇನ್ನೊಂದು. ಆದರೆ ಪ್ರತಿಯೊಂದಕ್ಕೂ ಒಂದು ಕೊಕ್ಕೆ. ಒಬ್ಬ ಪುಣ್ಯಾತ್ಮರು ಕುರಿಗಳ ಬಗ್ಗೆ ಇರುವ ಕವನಗಳನ್ನು ಅಭ್ಯಾಸ ಮಾಡುವವರಿಗೆ ಮಾತ್ರ ಕೊಡುತ್ತಾರಂತೆ. ಇವಳ ಕಿಟಕಿಯಾಚೆ ಎಲ್ಲಾದರೂ ಕುರಿ ಹಾದುಹೋಗುತ್ತದೆಯೇ ಎಂದು ಕೇಳಿದೆ. ಇನ್ನೊಂದು ನಿಧಿ ದೀಪಸ್ತಂಭ ಕಾಯುವವರ ಮಕ್ಕಳಿಗೆ ಮೀಸಲು. ಮಾವನವರು ಬದುಕಿದ್ದಾಗ ದೀಪಗೀಪ ಕಾಯುತ್ತಿದ್ದರೇ ಎಂದು ಅತ್ತೆಯನ್ನು ವಿಚಾರಿಸಿದೆ. ಅವರು ಬಚ್ಚಲಿನ ದೀಪ ಆರಿಸಿದ್ದನ್ನೇ ತಾವು ನೋಡಲಿಲ್ಲ ಎಂದರು ಅತ್ತೆ.

ಹೀಗೆ ಜಾಲಾಡುತ್ತಿದ್ದಾಗ ಸಿಕ್ಕಿತು, ಆ ಸರೋವರ.

ಅದೊಂದು ಸಣ್ಣ ಕಾಲೇಜು, ಊರಿನಿಂದ ಬಹಳ ದೂರ. ಸಾಹಿತ್ಯದ ಸಂಶೋಧಕರೊಬ್ಬರನ್ನು ಪ್ರತಿವರ್ಷ ಕರೆಸಿಕೊಂಡು ಮೂರು ವರ್ಷ ಇರಿಸಿಕೊಳ್ಳುತ್ತಾರೆ. ವಸತಿ, ಫೀಸು, ಕೈಖರ್ಚು ಎಲ್ಲವೂ ಅವರದೇ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಪದಗಳಿದ್ದವು: ಸಂಗಾತಿ ಭತ್ಯೆ. ಸಂಶೋಧಕರ ಜೊತೆ ಗಂಡನೋ ಹೆಂಡತಿಯೋ ಬಂದರೆ ಅವರಿಗೂ ಒಂದಿಷ್ಟು ಕೊಡುತ್ತಾರೆ. ಯಾವುದಕ್ಕೆ? ಜೊತೆಗಿರುವುದಕ್ಕೆ. ಬರೀ ಇರುವುದಕ್ಕೆ! ನನ್ನ ಪ್ರತಿಭೆಗೆ ಮರ್ಯಾದೆ ಕೊಡುವ ಜಾಗವೊಂದು ಈ ಭೂಮಂಡಲದ ಮೇಲಿದೆ ಎಂದು ಗೊತ್ತಾದಾಗ ಆ ಎರಡು ಪದಗಳನ್ನು ಮತ್ತೆ ಮತ್ತೆ ಓದಿದೆ. ಒಂದು ಚಿತ್ರವೂ ಇತ್ತು. ಕಲ್ಲಿನ ಕಟ್ಟಡ, ಗೋಡೆಗೆ ಹಬ್ಬಿದ ಬಳ್ಳಿ, ಅದರ ಮುಂದೆ ಸರೋವರ, ನೀರಿನ ಮೇಲೆ ಹಾಲಿನ ಕೆನೆಯ ಹಾಗೆ ಮಂಜು. ದಡದಲ್ಲಿ ಒಂದು ಬೆಂಚು. ಬೆಂಚಿನ ಮೇಲೆ ಉದ್ದ ಕೋಟು ತೊಟ್ಟ ಒಬ್ಬ ಗಂಡಸು, ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ಬಾತುಕೋಳಿಯೊಂದನ್ನು ನೋಡುತ್ತಿದ್ದ. ನೋಡಿದ ಕೂಡಲೇ ಗೊತ್ತಾಯಿತು, ಅವನು ಹಿಂದಿನ ವರ್ಷದ ಸಂಗಾತಿ.

ಅವತ್ತಿನಿಂದ ನಾನು ಈ ಊರಿನಲ್ಲಿರಲಿಲ್ಲ. ದೇಹ ಅಂಗಡಿಯಲ್ಲಿ ಗಾಜು ಉಜ್ಜುತ್ತಿತ್ತು, ನಾನು ಸರೋವರದ ದಡದಲ್ಲಿ ನಡೆಯುತ್ತಿದ್ದೆ. ಬೆಳಗಿನ ನೀರು ಕನ್ನಡಿಯ ಹಿಂಬದಿಯ ಪಾದರಸದ ಬಣ್ಣಕ್ಕೆ ಇರುತ್ತಿತ್ತು. ದೂರದಲ್ಲಿ ಒಂದು ದೋಣಿ, ಅದರಲ್ಲಿ ಯಾರೂ ಇಲ್ಲ, ಅದಕ್ಕೆ ಅವಸರವೂ ಇಲ್ಲ. ಹೆಂಡತಿ ಮೇಲಿನ ಕಿಟಕಿಯಲ್ಲಿ ಬರೆಯುತ್ತಿರುತ್ತಾಳೆ, ನಡುನಡುವೆ ತಲೆಯೆತ್ತಿ ನನ್ನ ಕಡೆ ನಗುತ್ತಾಳೆ. ಕಾಲೇಜಿನ ಹುಡುಗಿಯರು ಹಾದುಹೋಗುವಾಗ, ಅಗೋ ಸಂಗಾತಿ ಸರ್ ಯೋಚನೆ ಮಾಡ್ತಿದ್ದಾರೆ ಎಂದು ದನಿ ತಗ್ಗಿಸುತ್ತಾರೆ. ಒಂದು ದಿನ ಗಿರಾಕಿ ಹೆಂಗಸೊಬ್ಬರು ಹೊಸ ಕನ್ನಡಕ ಹಾಕಿಕೊಂಡು, ಏನಪ್ಪಾ ಎಲ್ಲಾ ಹೊಗೆಹೊಗೆಯಾಗಿ ಕಾಣುತ್ತೆ ಎಂದರು. ಅದು ನೀರಿನ ಮೇಲಿನ ಮಂಜು, ಬಿಸಿಲೇರಿದರೆ ಹೋಗುತ್ತದೆ ಎಂದೆ. ಯಜಮಾನರು ಒಳಗಿನಿಂದ ಎದ್ದು ಬಂದರು.

ಹೆಂಡತಿಯ ಲೆಕ್ಕಾಚಾರ ಬೇರೆಯೇ ಇತ್ತು. ಅವಳದೇ ವಿಭಾಗದಲ್ಲಿ ಪಾಠ ಹೇಳುವ ಸಹಾಯಕರ ಜಾಗವೊಂದು ಖಾಲಿಯಿತ್ತು. ಮೊದಲ ವರ್ಷದ ಮಕ್ಕಳ ಪ್ರಬಂಧ ತಿದ್ದುವುದು, ಅದಕ್ಕೆ ಬದಲಾಗಿ ಫೀಸು ಮಾಫಿ. ಅದಕ್ಕೇ ಮನಸ್ಸಿಟ್ಟು ಅರ್ಜಿ ಬರೆಯುತ್ತೇನೆ ಅಂದಳು. ನಾನು ಅದರ ದೋಷಗಳನ್ನು ಒಂದೊಂದಾಗಿ ವಿವರಿಸಿದೆ. ತಿದ್ದುವುದರಲ್ಲೇ ಆಯಸ್ಸು ಕಳೆಯುತ್ತದೆ, ಬರೆಯುವುದು ಯಾವಾಗ, ಪ್ರಶಾಂತ ವಾತಾವರಣ ಎಲ್ಲಿ, ನೀರು ಎಲ್ಲಿ, ಮಂಜು ಎಲ್ಲಿ. ಅವಳು ಪೆನ್ನು ಕೆಳಗಿಟ್ಟಳು.

"ರೀ, ನಿಮಗೆ ಬೇಕಾಗಿರೋದು ನನ್ನ ಓದಾ, ಆ ಬೆಂಚಾ?"

ಎಂಥ ಮಾತು ಎಂದು ನೊಂದುಕೊಂಡೆ. ನೊಂದುಕೊಂಡು ಸಂಜೆಯವರೆಗೂ ಕಿಟಕಿಯ ಬಳಿ ಕೂತೆ. ನಿಜ ಹೇಳಬೇಕೆಂದರೆ ಎರಡೂ ಬೇಕಾಗಿತ್ತು, ಆದರೆ ಯಾವುದು ಎಷ್ಟು ಎಂದು ನನ್ನನ್ನೇ ಕೇಳಿಕೊಳ್ಳಲು ಧೈರ್ಯವಾಗಲಿಲ್ಲ. ಕೊನೆಗೆ ಎರಡಕ್ಕೂ ಅರ್ಜಿ ಹಾಕುವುದೆಂದು ಅತ್ತೆ ತೀರ್ಪು ಕೊಟ್ಟರು. ಆದರೆ ನಾನು ದಿನಾ ಸರೋವರದ ಜಪ ಮಾಡಿ ಮಾಡಿ ಅವಳು ಅದರ ಅರ್ಜಿಯನ್ನೇ ಮೊದಲು ಹಿಡಿದಳು. ಸಹಾಯಕರ ಜಾಗದ ಅರ್ಜಿಯನ್ನು ಕಡೆಯ ದಿನ ಓಡುತ್ತಾ ಹೋಗಿ ಕೊಟ್ಟು ಬಂದಳು. ಒಂದು ವಾರದಲ್ಲೇ ಆ ಜಾಗ ಬೇರೆ ಯಾರಿಗೋ ಹೋಯಿತು. ಈಗ ಅವಳ ಓದೆಲ್ಲ ಆ ಸರೋವರದ ಮೇಲೆ ನಿಂತಿತು. ರಾತ್ರಿ ನನಗೆ ಕನಸಿನಲ್ಲಿ ಬಾತುಕೋಳಿ ಬಂದು ಮುಖ ತಿರುಗಿಸಿಕೊಂಡು ಹೋಯಿತು.

ಸರೋವರದವರ ಅರ್ಜಿ ಸಾಮಾನ್ಯದ್ದಲ್ಲ. ಸಂಶೋಧನೆಯ ಗುರಿ ಏನು, ಇದರಿಂದ ಲೋಕಕ್ಕೇನು ಎಂದು ಬರೆಯಬೇಕು. ಒಂದು ಅಧ್ಯಾಯ ಮಾದರಿಗೆ ಕಳಿಸಬೇಕು. ಇಬ್ಬರು ಮೇಷ್ಟರುಗಳಿಂದ ಶಿಫಾರಸು ಬೇಕು. (ಅವರಲ್ಲೊಬ್ಬರು, ನೀವೇ ಬರೆದುಕೊಂಡು ಬನ್ನಿ, ಸಹಿ ಹಾಕುತ್ತೇನೆ ಎಂದರಂತೆ. ತನ್ನನ್ನು ತಾನೇ ಹೊಗಳಿಕೊಳ್ಳಲು ಬಾರದೆ ಇವಳು ಎರಡೇ ವಾಕ್ಯ ಬರೆದಳು. ಉಳಿದ ಹೊಗಳಿಕೆಯನ್ನು ನಾನೇ ಹೇಳಿ ಬರೆಸಿದೆ, ಅವಳು ಕೆಂಪಾದಳು. ಮದುವೆಯಾದ ಮೇಲೆ ಅವಳನ್ನು ಅಷ್ಟು ಹೊಗಳಿದ್ದು ಅದೇ ಮೊದಲು.) ಎಲ್ಲಕ್ಕೂ ಕೊನೆಯಲ್ಲಿ, ಸಂಗಾತಿ ಬರುವುದಾದರೆ, ಅವರು ಅಲ್ಲಿನ ಬದುಕಿನಲ್ಲಿ ಹೇಗೆ ಬೆರೆಯುತ್ತಾರೆಂದು ಸ್ವತಃ ಒಂದು ಪುಟ ಬರೆಯಬೇಕು.

ಆ ಹೊತ್ತಿಗೆ ನನ್ನವಳು ಬರೆದೂ ಬರೆದೂ ಸೋತುಹೋಗಿದ್ದಳು. ಆ ಪುಟಕ್ಕೆ ನೀವೇ ನಾಲ್ಕು ಸಾಲು ಗೀಚಿ, ಗಲಾಟೆ ಮಾಡಲ್ಲ, ಒಂದು ಮಂಚ ಸಾಕು ಅಂತ ಹಾಕಿ, ಆಮೇಲೆ ಅರ್ಜಿಗೆ ಸೇರಿಸಿ ಕಳಿಸಿಬಿಡಿ ಎಂದು ಹೇಳಿ ಮಲಗಿದಳು. ನಾಲ್ಕು ಸಾಲಂತೆ! ಮರುದಿನ ಅಂಗಡಿಯಲ್ಲಿ ಕೂತು, ಗಿರಾಕಿಗಳನ್ನು ಗೋಡೆಯ ಅಕ್ಷರಗಳ ಎದುರು ಬಿಟ್ಟು, ಬರೆದೆ. ಬರೆಯುತ್ತಾ ಬರೆಯುತ್ತಾ ಪೆನ್ನು ನೀರಿನ ಮೇಲೆ ದೋಣಿ ಹೋದ ಹಾಗೆ ಹೋಯಿತು. ಸೂರ್ಯನಿಗಿಂತ ಮೊದಲು ಏಳುತ್ತೇನೆ ಎಂದು ಬರೆದೆ. ಮಂಜಿನಲ್ಲಿ ಕಟ್ಟಡವನ್ನು ಒಂದು ಸುತ್ತು ಬರುತ್ತೇನೆ, ಯಾವ ಕಿಟಕಿಯಲ್ಲಿ ದೀಪ ಉರಿಯುತ್ತಿದೆ, ಯಾವುದರಲ್ಲಿ ಇಲ್ಲ ಎಂದು ನೋಡುತ್ತೇನೆ. ಮನೆಯ ನೆನಪಾಗಿ ಮಂಕಾಗಿರುವ ಮಕ್ಕಳಿದ್ದರೆ ಚಹಾಕ್ಕೆ ನೀರಿಡುತ್ತೇನೆ, ಅವರು ಹೇಳುವವರೆಗೂ ಏನೂ ಕೇಳುವುದಿಲ್ಲ. ಎಲ್ಲಾದರೂ ನಲ್ಲಿ ತೊಟ್ಟಿಕ್ಕುತ್ತಿದ್ದರೆ ಆ ಸದ್ದು ಯಾರ ನಿದ್ದೆಯನ್ನೂ ಕೆಡಿಸುವ ಮೊದಲು ನನ್ನ ಕಿವಿಗೆ ಬೀಳುತ್ತದೆ. ಕಿರುಗುಟ್ಟುವ ಬಾಗಿಲುಗಳು ನನ್ನನ್ನು ಹೆಸರು ಹಿಡಿದು ಕರೆಯುತ್ತವೆ. ನನಗೆ ಕೆಲಸವೆಂಬುದೇ ಇಲ್ಲ, ಇರುವುದೆಲ್ಲ ಅಕ್ಕರೆ.

ಮನೆಗೆ ಬಂದು ಅತ್ತೆಗೆ ಓದಿ ಹೇಳಿದೆ. ಹೆಂಡತಿ ವಿಶ್ವವಿದ್ಯಾಲಯಕ್ಕೆ ಹೋಗಿದ್ದಳು. ಅತ್ತೆ ಬಟಾಣಿ ಸುಲಿಯುವುದನ್ನು ನಿಲ್ಲಿಸಿ ಕಣ್ಣು ಮುಚ್ಚಿ ಕೇಳಿದರು. ಕೊನೆಯ ಸಾಲು ಮುಗಿದ ಮೇಲೆ ಕಣ್ಣು ಬಿಟ್ಟರು.

"ಯಾರಪ್ಪಾ ಈ ಮಹಾನುಭಾವರು?" ಎಂದರು ಆಮೇಲೆ. "ಒಂದ್ಸಲ ನಮ್ಮನೆಗೂ ಬಂದು ಹೋಗೋಕೆ ಹೇಳಿ. ಬಚ್ಚಲಿನ ನಲ್ಲಿ ವರ್ಷದಿಂದ ಸುರೀತಿದೆ."

ಕಲೆಗೂ ಬದುಕಿಗೂ ಇರುವ ವ್ಯತ್ಯಾಸ ಅತ್ತೆಯಂಥವರಿಗೆ ತಿಳಿಯುವುದಿಲ್ಲ. ಪುಟವನ್ನು ಅರ್ಜಿಗೆ ಸೇರಿಸಿ ಕಳಿಸಿಬಿಟ್ಟೆ.

ಕೆಲವು ದಿನ ಕಳೆದ ಮೇಲೆ ಕಂಪ್ಯೂಟರಿನಲ್ಲೇ ಸಂದರ್ಶನ ಎಂದು ತಿಳಿಸಿದರು. ಪರದೆಯ ಮೇಲೆ ಮೂವರು. ನಡುವೆ ಬೆಳ್ಳಗೆ ಕೂದಲು ಬಾಚಿದ ಒಬ್ಬ ಹಿರಿಯ ಮೇಡಂ, ಅವರೇ ಮುಖ್ಯಸ್ಥರು. ಇನ್ನೊಬ್ಬರು ತಾವು ಮಾತಾಡುವಾಗೆಲ್ಲ ಮೈಕಿನ ಸದ್ದು ಬಂದ್ ಮಾಡಿಕೊಂಡಿರುತ್ತಿದ್ದರು. ಮೂರನೆಯವರ ಹಣೆ ಮಾತ್ರ ಕಾಣಿಸುತ್ತಿತ್ತು, ಬಹಳ ವಿದ್ವತ್ತಿನ ಹಣೆ. ನನ್ನವಳು ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಬೆನ್ನು ನೇರ ಮಾಡಿ ಕೂತಿದ್ದಳು. ನಾನು ಪಕ್ಕದಲ್ಲೇ, ಪರದೆಗೆ ಕಾಣದಂತೆ ಕಿಟಕಿಯ ಬಳಿ ಚಹಾದ ಲೋಟ ಹಿಡಿದು ಕೂತಿದ್ದೆ. ಅವಳು ಸೊಗಸಾಗಿ ಉತ್ತರ ಕೊಟ್ಟಳು. ಹಣೆಯವರು ಎರಡು ಸಲ ತಲೆ ತೂಗಿದರು.

ಕೊನೆಯಲ್ಲಿ ಹಿರಿಯ ಮೇಡಂ ಕನ್ನಡಕ ತೆಗೆದು, ಇಷ್ಟೆಲ್ಲ ಬರೆದಿದ್ದೀರಲ್ಲ, ನೀವು ಯಾವತ್ತಾದರೂ ಹಾಗೆ ಕಿಟಕಿಯ ಬಳಿ ಸುಮ್ಮನೆ ಕೂತದ್ದುಂಟೇ ಎಂದು ಕೇಳಿದರು. ಹೌದು ಅಂದುಬಿಡು ಎಂದು ನಾನು ಕೈಸನ್ನೆ ಮಾಡಿದೆ. ಆದರೆ ಅವಳಿಗೆ ಸುಳ್ಳು ಹೇಳಿ ಗೊತ್ತಿಲ್ಲ.

"ಇಲ್ಲ ಮೇಡಂ, ಹೊತ್ತೇ ಸಿಗಲಿಲ್ಲ" ಎಂದಳು. "ನಮ್ಮನೇಲಿ ಅದನ್ನ ಮಾಡೋರು ಬೇರೆ ಇದ್ದಾರೆ."

ಹೇಳಿ, ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿಬಿಟ್ಟಳು. ಲೋಟ ಹಿಡಿದ ನಾನು, ನನ್ನ ಹಿಂದೆ ಕಿಟಕಿ. ಮೂವರೂ ನಕ್ಕರು. ಹಣೆಯವರ ಮುಖ ಪೂರ್ತಿ ಕಾಣಿಸಿದ್ದು ಆಗಲೇ. ಓಹೋ, ಆ ಪುಟ ಬರೆದವರು ನೀವೇನಾ ಎಂದರು ಮೇಡಂ. ಆಮೇಲೆ ನಡೆದದ್ದು ನನ್ನ ಜೀವಮಾನದ ಅಮೃತ ಘಳಿಗೆ. ಅವರು ನನ್ನೊಡನೆ ಮಾತಿಗಿಳಿದರು. ನಲ್ಲಿಯ ಬಗ್ಗೆ ಅಷ್ಟು ಆಳವಾಗಿ ಬರೆದಿದ್ದೀರಿ, ಕೊಳವೆಗಳ ಬಗ್ಗೆ ನಿಮ್ಮ ಅಭಿಪ್ರಾಯವೇನು ಎಂದರು. ಹರಿಯುವುದೆಲ್ಲವೂ ನನ್ನದೇ ಅನಿಸುತ್ತದೆ ಎಂದೆ. ನೂರಾರು ಮಕ್ಕಳಿರುವ ಕಡೆ ಗದ್ದಲವಾದರೆ ಬೇಸರವಾಗದೇ ಎಂದರು. ಗದ್ದಲವೂ ಒಂದು ಬಗೆಯ ಮೌನ ಎಂದೆ. (ಇದರ ಅರ್ಥ ನನಗೂ ಗೊತ್ತಿಲ್ಲ. ಬಾಯಿಗೆ ಬಂತು.) ಬೆಳಗ್ಗೆ ನಿಜಕ್ಕೂ ಬೇಗ ಏಳುತ್ತೀರಾ ಎಂದು ಸದ್ದಿಲ್ಲದವರು ಸದ್ದು ಹಾಕಿಕೊಂಡು ಕೇಳಿದರು. ಬೆಳಗು ನನ್ನನ್ನು ಎಬ್ಬಿಸುವ ಮೊದಲು ನಾನೇ ಬೆಳಗನ್ನು ಎಬ್ಬಿಸುತ್ತೇನೆ ಎಂದೆ. ಬಾಗಿಲ ಹಿಂದೆ ನಿಂತಿದ್ದ ಅತ್ತೆಗೆ ಕೆಮ್ಮು ಹತ್ತಿತು. ಮೂವರೂ ಬರೆದುಕೊಂಡರು.

ಸಂದರ್ಶನ ಮುಗಿದ ಮೇಲೆ, ನೋಡಿದೆಯಾ, ನನ್ನಿಂದ ನಿನ್ನ ಅರ್ಜಿಗೆ ಒಂದು ಕಳೆ ಬಂತು ಎಂದೆ. ಅವಳು ಲ್ಯಾಪ್‌ಟಾಪು ಮುಚ್ಚಿ ನನ್ನ ಕೈಯಿಂದ ಚಹಾದ ಲೋಟ ತೆಗೆದುಕೊಂಡಳು. ಇದು ಆಗದಿದ್ದರೆ ಬೇರೆ ದಾರಿ ಇಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಭಾನುವಾರ ಬೆಳಗ್ಗೆ ಫೋನು ಬಂತು. ನಾವು ಮೂವರೂ ಅಡುಗೆಮನೆಯಲ್ಲಿದ್ದೆವು. ಅವಳು ಫೋನು ಕಿವಿಗಿಟ್ಟುಕೊಂಡು, ಹೌದು ಮೇಡಂ, ಅರ್ಥವಾಯಿತು ಮೇಡಂ, ಪರವಾಗಿಲ್ಲ ಮೇಡಂ ಎನ್ನುತ್ತಾ ಸ್ಟೂಲಿನ ಮೇಲೆ ಮೆಲ್ಲಗೆ ಕೂತಳು. ಆ ಮೂರನೆಯ ಮಾತಿಗೇ ನನ್ನ ಸರೋವರದ ನೀರೆಲ್ಲ ಬತ್ತಿ ಕೆಸರು ಕಂಡಿತು. ಫೆಲೋಶಿಪ್ ಬೇರೊಬ್ಬ ಸಂಶೋಧಕರಿಗೆ ಹೋಗಿತ್ತು. ನಾನು ಬೆಂಚಿನ ಆಸೆಗೆ ಬಿದ್ದು ಇವಳ ಕೈಗೆ ಸಿಗಬಹುದಾಗಿದ್ದ ಜಾಗವನ್ನೂ ತಪ್ಪಿಸಿಬಿಟ್ಟೆನಲ್ಲ ಎಂದು ನಾಚಿಕೆಯಾಯಿತು. ಮೂಲೆಯಲ್ಲಿ ಲೈಬ್ರರಿಯ ಪುಸ್ತಕಗಳು ಒರೆಸಿದ ಹಾಗೇ ಇದ್ದವು. ಅತ್ತೆ ಕೂಡ ನನಗೆ ಏನೂ ಅನ್ನಲಿಲ್ಲ, ಅದರಿಂದ ಪರಿಸ್ಥಿತಿ ಎಷ್ಟು ಕೆಟ್ಟಿದೆ ಎಂದು ತಿಳಿಯಿತು. ಅಷ್ಟರಲ್ಲಿ ಇವಳ ಹುಬ್ಬು ಮೇಲೇರಿತು. ಇನ್ನೂ ಏರಿತು. ಫೋನನ್ನು ನನ್ನ ಕಡೆ ಚಾಚಿದಳು.

"ನಿಮಗಂತೆ" ಎಂದಳು.

ಹಿರಿಯ ಮೇಡಂ ಬಹಳ ವಿಶ್ವಾಸದಿಂದ ಮಾತಾಡಿದರು. ಅವರ ಕಾಲೇಜಿನ ಹಾಸ್ಟೆಲಿನ ವಾರ್ಡನ್ ನಿವೃತ್ತರಾಗಿ ವರ್ಷವಾಗುತ್ತ ಬಂತಂತೆ. ಬಂದ ಅರ್ಜಿಗಳಲ್ಲೆಲ್ಲ ಬರೀ ನಿಯಮ, ರಜೆ, ಕೆಲಸದ ಗಂಟೆ ಇವೇ ಮಾತು. ನನ್ನ ಪುಟದಂಥದ್ದನ್ನು ಅವರು ಕಂಡೇ ಇರಲಿಲ್ಲವಂತೆ. ಮೂವರದೂ ಒಂದೇ ಅಭಿಪ್ರಾಯವಂತೆ. ನಾನು ವಿನಯದಿಂದ, ಬರವಣಿಗೆ ನನಗೆ ಹುಟ್ಟಿನಿಂದಲೇ ಬಂದದ್ದು ಎಂದೆ.

"ಬರವಣಿಗೆ ಚೆನ್ನಾಗಿದೆ" ಎಂದರು ಮೇಡಂ. "ಬರೆದದ್ದನ್ನ ಮಾಡೋಕೆ ಯಾವತ್ತು ಬರ್ತೀರಿ?"

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡೆ. ಅವರು ಮುಂದುವರಿಸಿದರು. ವಾರ್ಡನ್ನರಿಗೆ ಹಾಸ್ಟೆಲಿನಲ್ಲೇ ಮನೆ. ಸಂಬಳ ಪರವಾಗಿಲ್ಲ. ಎಲ್ಲಕ್ಕಿಂತ ಮುಖ್ಯ, ನೌಕರರ ಗಂಡನಿಗೋ ಹೆಂಡತಿಗೋ ಅಲ್ಲಿ ಓದಲು ಫೀಸು ಇಲ್ಲ. ನಿಮ್ಮ ಹೆಂಡತಿಯ ವಿಷಯ ನನಗೆ ತುಂಬ ಹಿಡಿಸಿತು, ಅವರ ಗೈಡ್ ಜೊತೆ ಮಾತಾಡಿದ್ದೇನೆ, ಇಲ್ಲಿಗೇ ಸೇರಿಸಿಕೊಂಡು ನಾನೇ ಮಾರ್ಗದರ್ಶನ ಮಾಡುತ್ತೇನೆ, ಮೇಲಿನ ಮಹಡಿಯಲ್ಲಿ ಅವರಿಗೊಂದು ಕೋಣೆ ಇದೆ, ಸರೋವರಕ್ಕೆ ಎದುರಾಗಿ ಎಂದರು. ಅವರು ನಿಮ್ಮ ಸಂಗಾತಿಯಾಗಿ ಬರಬಹುದು ಎಂದೂ ಸೇರಿಸಿದರು.

ಫೋನಿನ ಮೇಲೆ ಕೈ ಮುಚ್ಚಿ ಹೆಂಡತಿಯ ಮುಖ ನೋಡಿದೆ. ಬೆಳಗ್ಗೆ ಹಾಸಿಗೆಯಿಂದ ನನ್ನನ್ನು ಎಬ್ಬಿಸಲು ಅಮ್ಮ ಮಗಳು ಇಬ್ಬರೂ ಸೇರಬೇಕಾಗುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತು.

"ನಿಮಗೆ ಇಷ್ಟ ಇಲ್ಲದಿದ್ರೆ ಬೇಡ ಅಂತ ಹೇಳಿಬಿಡಿ" ಎಂದಳು ಮೆಲ್ಲಗೆ. "ಬಲವಂತದ್ದು ಬೇಡ. ನಾನೇನೂ ಅಂದ್ಕೊಳಲ್ಲ."

ಮನಸ್ಸಿನಲ್ಲಿ ಒಂದಿಟ್ಟುಕೊಂಡು ಬಾಯಲ್ಲಿ ಇನ್ನೊಂದು ಹೇಳುವವಳಾಗಿದ್ದರೆ ನಾನು ತಪ್ಪಿಸಿಕೊಳ್ಳುತ್ತಿದ್ದೆ. ಅವಳು ನಿಜವಾಗಿಯೂ ಹಾಗೇ ಅಂದಿದ್ದಳು, ಅದೇ ಕಷ್ಟ. ಸ್ಟೂಲಿನ ಮೇಲೆ ಕೂತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಆಸೆ ಕಾಣಿಸದ ಹಾಗೆ ನೆಲ ನೋಡುತ್ತಿದ್ದಳು. ನನಗೆ ಅವಳ ಮೇಲೆ ಎಷ್ಟು ಪ್ರೀತಿ ಇದೆ ಎಂಬುದು ನನಗೇ ಇದ್ದಕ್ಕಿದ್ದಂತೆ ಗೊತ್ತಾಗಿ ಗಾಬರಿಯಾಯಿತು. ಕೈ ತೆಗೆದು, ಮುಂದಿನ ತಿಂಗಳೇ ಬರುತ್ತೇವೆ ಮೇಡಂ ಎಂದೆ. ಅತ್ತೆ ಗೋಡೆಗೆ ಒರಗಿಕೊಂಡರು.

ಈಗ ನಾವು ಸರೋವರದ ದಡದಲ್ಲಿದ್ದೇವೆ. ಮಂಜು ನಿಜವಾಗಿಯೂ ಇದೆ, ಚಿತ್ರದಲ್ಲಿದ್ದದ್ದಕ್ಕಿಂತ ಚೆಲುವಾಗಿದೆ. ಆದರೆ ಕನಸಿನ ಮಂಜಿನಲ್ಲಿ ಬಿಸಿನೀರಿನ ಬಾಯ್ಲರ್ ಕೆಟ್ಟಿರಲಿಲ್ಲ. ಕೋಳಿಗಿಂತ ಮೊದಲು ಎದ್ದು, ಕೈಯಲ್ಲಿ ಸ್ಪ್ಯಾನರು, ಜೇಬಿನಲ್ಲಿ ವಾಷರುಗಳು, ಕೊರಳಲ್ಲಿ ಬೀಗದ ಕೈ ಗೊಂಚಲು, ಹೀಗೆ ಒಂದೊಂದು ಮಹಡಿ ಹತ್ತಿಳಿಯುತ್ತೇನೆ. ನನ್ನ ಪುಟವನ್ನು ಮೇಡಂ ಅಚ್ಚು ಹಾಕಿಸಿ ಪ್ರತಿ ಮಹಡಿಯ ಗೋಡೆಗೂ ಅಂಟಿಸಿದ್ದಾರೆ. ಮಕ್ಕಳು ಅದನ್ನು ಬಾಯಿಪಾಠ ಮಾಡಿಕೊಂಡುಬಿಟ್ಟಿದ್ದಾರೆ. ಕದ ಸದ್ದು ಮಾಡಿದರೆ, ಸರ್ ಬಾಗಿಲು ನಿಮ್ಮನ್ನ ಹೆಸರು ಹಿಡಿದು ಕರೀತಿದೆ ಎಂದು ಬಂದು ನಿಲ್ಲುತ್ತಾರೆ. ಪರೀಕ್ಷೆ ಹತ್ತಿರ ಬಂದಾಗ ಮನೆಯ ನೆನಪಾಗುವ ಮಕ್ಕಳ ಸಂಖ್ಯೆ ಹೆಚ್ಚು. ಚಹಾಕ್ಕೆ ದೊಡ್ಡ ಪಾತ್ರೆ ತರಿಸಿದ್ದೇನೆ. ಅತ್ತೆ ಕೆಳಗಿನ ಹಜಾರದಲ್ಲಿ ಕುರ್ಚಿ ಹಾಕಿಸಿಕೊಂಡು ನನ್ನ ಹಾಜರಿ ನೋಡಿಕೊಳ್ಳುತ್ತಾರೆ. ಯಾರೂ ನೇಮಿಸದೆಯೇ ಅವರು ಮುಖ್ಯ ವಾರ್ಡನ್ ಆಗಿದ್ದಾರೆ.

ನನ್ನವಳು ಮಾತ್ರ ಮೇಲಿನ ಕೋಣೆಯ ಕಿಟಕಿಯಲ್ಲಿ ಕೂತಿರುತ್ತಾಳೆ. ಮೊದಮೊದಲು ಬರೆಯುತ್ತಿದ್ದಳು. ಬರುಬರುತ್ತ ಪೆನ್ನು ಕೆಳಗಿಟ್ಟು, ಗಲ್ಲಕ್ಕೆ ಕೈ ಕೊಟ್ಟು, ಗಂಟೆಗಟ್ಟಲೆ ಹಾಗೇ ಕೂರುವುದನ್ನು ಕಲಿತಳು. ಮುಖ ತುಂಬಿಕೊಂಡಿದೆ, ಕಣ್ಣಿನಲ್ಲಿ ಎಂಥದೋ ನಿದ್ದೆಯಂಥ ಬೆಳಕು ಬಂದಿದೆ. ನಾನು ಅಂಗಳದಲ್ಲಿ ಏಣಿ ಹೊತ್ತು ಹೋಗುವಾಗ ಒಮ್ಮೊಮ್ಮೆ ತಲೆಯೆತ್ತಿ ನೋಡುತ್ತೇನೆ, ಹೊಟ್ಟೆಕಿಚ್ಚಾಗುತ್ತದೆ, ಖುಷಿಯೂ ಆಗುತ್ತದೆ. ಮೊನ್ನೆ ಮಧ್ಯಾಹ್ನ ಅವಳೇ ಮೆಟ್ಟಿಲಿಳಿದು ಓಡಿಬಂದಳು. ನಾನು ಮೋರಿಯ ಮುಚ್ಚಳ ತೆಗೆದು ಮೊಣಕೈವರೆಗೆ ಕೈ ಇಳಿಬಿಟ್ಟಿದ್ದೆ. ಎರಡೂವರೆ ವರ್ಷ ತಲೆ ಕೆಡಿಸಿಕೊಂಡದ್ದಕ್ಕೆ ಉತ್ತರ ಸಿಕ್ಕಿತು ಎಂದಳು, ಏದುಸಿರು ಬಿಡುತ್ತಾ.

"ಆ ಹೆಂಗಸರು ಸುಮ್ಮನೆ ಕೂತಿರಲೇ ಇಲ್ಲ ರೀ" ಎಂದಳು. "ಕಿಟಕಿಯಾಚೆ ಗಂಡ ಕೆಲಸ ಮಾಡೋದನ್ನ ನೋಡ್ತಾ ಇದ್ರು. ಯಾರಾದ್ರೂ ನೋಡ್ತಾ ಇದ್ರೇನೇ ಆ ಗಂಡಸರು ಕೆಲಸ ಮಾಡ್ತಿದ್ದದ್ದು. ಇಲ್ಲಿ ಕೂತು ನಿಮ್ಮನ್ನ ನೋಡಿದ ಮೇಲೇ ನಂಗೆ ಹೊಳೆದದ್ದು."

ಮೇಡಂಗೂ ಈ ವಾದ ಬಹಳ ಹಿಡಿಸಿತಂತೆ. ಥೀಸಿಸ್ಸಿನ ದಿಕ್ಕೇ ಬದಲಾಯಿತು ಎಂದರಂತೆ. ನನಗೆ ಅಂಥ ಕೊಳೆಯಲ್ಲೂ ಹೆಮ್ಮೆಯಾಯಿತು. ಹಾಗಾದರೆ ಸದ್ಯದಲ್ಲೇ ಬರೆದು ಮುಗಿಸಿಬಿಡುತ್ತೀಯ, ನಾವು ಹೊರಡಬಹುದು ಎಂದೆ. ಅವಳು ಹತ್ತಿರ ಬಂದು ನನ್ನ ಹಣೆಯ ಮೇಲಿನ ಕೆಸರನ್ನು ಸೆರಗಿನಿಂದ ಅಕ್ಕರೆಯಿಂದ ಒರೆಸಿದಳು. ಒಬ್ಬ ಗಂಡನನ್ನು ಒಂದು ಚಳಿಗಾಲ ನೋಡಿದ್ದು ಪುರಾವೆಗೆ ಸಾಲದು, ಎಲ್ಲ ಋತುಗಳಲ್ಲೂ ನೋಡಬೇಕು, ಕನಿಷ್ಠ ಇನ್ನೂ ಮೂರು ವರ್ಷ ಬೇಕು ಎಂದು ಮೇಡಂ ಹೇಳಿದ್ದಾರಂತೆ. ಹೇಳಿದವಳೇ ಮೆಟ್ಟಿಲು ಹತ್ತಿ ಮೇಲೆ ಹೋಗಿ ಕಿಟಕಿಯಲ್ಲಿ ಕೂತಳು. ನಾನು ಕೈಯನ್ನು ಮತ್ತೆ ಮೋರಿಯೊಳಗೆ ಇಳಿಬಿಟ್ಟೆ.